ನಿನ್ನೂರ ಮಾತಿಗೆ ನಾಚುವ ನೀನು ಎಂಥ ಕನ್ನಡಿಗ?

ತಮ್ಮಾ, ತಂಗೀ,

ನೇರವಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಸಿಟ್ಟಾಗಬೇಡ. ಸಿಟ್ಟಾದರೂ ಪರವಾಗಿಲ್ಲ, ಪತ್ರಿಕೆ ಮಡಿಸಿಡಬೇಡ.

ಆಫೀಸಿನಲ್ಲಿ ಕೂತಿರುತ್ತೀಯ. ಊರಿಂದ ಅವ್ವನ ಫೋನು ಬರುತ್ತದೆ. ನೀನು ಕುರ್ಚಿ ಬಿಟ್ಟು ಎದ್ದು, ಗಾಜಿನ ಬಾಗಿಲು ತಳ್ಳಿಕೊಂಡು ಹೋಗಿ, ಮೆಟ್ಟಿಲ ಮೂಲೆಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತೀಯ. ಯಾಕೆ? ಅವ್ವ ಅಂಥಾ ಗುಟ್ಟೇನು ಹೇಳುತ್ತಾಳೆ? ಎಮ್ಮೆ ಕರು ಹಾಕಿತು ಅನ್ನುತ್ತಾಳೆ, ಮಳೆ ಕೈಕೊಟ್ಟಿತು ಅನ್ನುತ್ತಾಳೆ, ಉಂಡೆಯಾ ಅಂತ ಕೇಳುತ್ತಾಳೆ. ಗುಟ್ಟು ಅವ್ವನದಲ್ಲ, ನಿನ್ನದು. ‘ಹೂಂ ಬೇ ಯವ್ವಾ, ಉಂಡೀನಿ’ ಎಂದು ನಿನ್ನ ಬಾಯಿಂದ ಬರುವ ಮಾತು ಪಕ್ಕದ ಕುರ್ಚಿಯವನ ಕಿವಿಗೆ ಬೀಳಬಾರದು. ‘ಊಂ ಕಣವ್ವ, ಉಂಡ್ಕಂಡೆ’ ಅಂದದ್ದು ಕೇಳಿ ಯಾರೂ ನಗಬಾರದು. ಅಷ್ಟೇ ತಾನೆ?

ನಾವು ನಾಮಫಲಕಕ್ಕಾಗಿ ಬೀದಿಗಿಳಿದೆವು. ಲಾಠಿ ತಿಂದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. 2024ರಲ್ಲಿ ಅಂಗಡಿ ಬೋರ್ಡಿನ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು ಕಾನೂನಾಯಿತು. ಸಂತೋಷ. ಅಂಗಡಿಯವನ ಬೋರ್ಡು ಸರಿ ಮಾಡಿದೆವು. ನಿನ್ನ ನಾಲಿಗೆಯ ಬೋರ್ಡು ಯಾರು ಸರಿ ಮಾಡಬೇಕು?

ಇವತ್ತು ನಿನಗೆ ಅಮೆರಿಕದ ಹಾಡುಗಾರ್ತಿಯೊಬ್ಬಳ ಕತೆ ಹೇಳುತ್ತೇನೆ. ಕನ್ನಡ ಪತ್ರಿಕೆಯಲ್ಲಿ ಅಮೆರಿಕದವಳಿಗೇನು ಕೆಲಸ ಎನ್ನುತ್ತೀಯಾ? ಇದೆ. ನಮ್ಮ ಹಿರಿಯರು ಹೇಳಿದ್ದನ್ನು ನೀನು ಕೇಳಲಿಲ್ಲ. ಅಲ್ಲಿಂದ ಬಂದದ್ದಕ್ಕಾದರೂ ಕಿವಿ ಕೊಡುತ್ತೀಯೇನೋ ಎಂಬ ಆಸೆ.

ಕೊಳ್ಳದಲ್ಲಿ ಹುಟ್ಟಿದವಳು

ಆಕೆಯ ಹೆಸರು ಲೊರೆಟ್ಟಾ ಲಿನ್. ಹುಟ್ಟಿದ್ದು 1932ರಲ್ಲಿ, ಕೆಂಟಕಿ ರಾಜ್ಯದ ಗುಡ್ಡಗಳ ನಡುವಿನ ಒಂದು ಕೊಳ್ಳದಲ್ಲಿ. ನಕಾಶೆಯಲ್ಲಿ ಆ ಊರು ‘ಬುಚರ್ ಹಾಲೋ’. ಅಲ್ಲಿಯ ಜನ ಹಾಗನ್ನುವುದಿಲ್ಲ, ‘ಬುಚರ್ ಹಾಲರ್’ ಅನ್ನುತ್ತಾರೆ. ಈ ‘ಹಾಲರ್’ ಎಂಬ ಮಾತನ್ನು ನೆನಪಿಟ್ಟುಕೋ. ಮುಂದೆ ಬೇಕಾಗುತ್ತದೆ.

ಅಪ್ಪ ವ್ಯಾನ್ ಲಿಯರ್ ಎಂಬಲ್ಲಿಯ ಕಲ್ಲಿದ್ದಲ ಗಣಿಯ ಕೂಲಿ. ಮನೆ ತುಂಬ ಎಂಟು ಮಕ್ಕಳು, ಈಕೆ ಎರಡನೆಯವಳು. ಓದಿದ್ದು ಒಂದೇ ಕೋಣೆಯ ಶಾಲೆಯಲ್ಲಿ. ಹದಿನೈದಕ್ಕೆ ಮದುವೆ. ಗಂಡ ಆಲಿವರ್ ಲಿನ್, ಊರವರ ಬಾಯಲ್ಲಿ ಡೂಲಿಟಲ್. ಕಟ್ಟಿಕೊಂಡವಳನ್ನು ಮೂರು ಸಾವಿರ ಕಿಲೋಮೀಟರಿಗೂ ಆಚೆ, ಕೆನಡಾ ಗಡಿಯ ಹತ್ತಿರದ ಕಸ್ಟರ್ ಎಂಬ ಮರ ಕಡಿಯುವವರ ಊರಿಗೆ ಕರೆದುಕೊಂಡು ಹೋದ. ಇಪ್ಪತ್ತು ತುಂಬುವ ಹೊತ್ತಿಗೆ ಕಂಕುಳಲ್ಲಿ, ಸೊಂಟದಲ್ಲಿ, ಸೆರಗಿನಲ್ಲಿ ಮಕ್ಕಳು. ಆತ ಕುಡುಕ, ಜಗಳಗಂಟ. ಇದನ್ನೆಲ್ಲ ನಾನು ಹೊಗಳಲು ಹೇಳುತ್ತಿಲ್ಲ. ಹದಿನೈದರ ಹುಡುಗಿಗೆ ತಾಳಿ ಕಟ್ಟುವುದು ಕೆಂಟಕಿಯಲ್ಲೂ ತಪ್ಪು, ಕೊಪ್ಪಳದಲ್ಲೂ ತಪ್ಪು.

ಆದರೆ ಅದೇ ಗಂಡ ಒಂದು ಕೆಲಸ ಮಾಡಿದ. ಮಕ್ಕಳನ್ನು ಮಲಗಿಸುವಾಗ ಈಕೆ ಹಾಡುವುದನ್ನು ಕೇಳಿ 1953ರಲ್ಲಿ ಹದಿನೇಳು ಡಾಲರಿನ ಒಂದು ಗಿಟಾರ್ ತಂದುಕೊಟ್ಟ. ಮೇಷ್ಟರಿಲ್ಲ, ಪಾಠವಿಲ್ಲ. ಪಾತ್ರೆ ತೊಳೆದು, ಬಟ್ಟೆ ಒಗೆದು, ಮಕ್ಕಳು ಮಲಗಿದ ಮೇಲೆ ತಂತಿ ಮೀಟುತ್ತ ತಾನೇ ಕಲಿತಳು. ಆಮೇಲೆ ಊರಿನ ಹೆಂಡದಂಗಡಿಗಳಲ್ಲಿ ಹಾಡಲು ಹೋದಳು. ಆಕೆಯ ಹಾಡು ಕೇಳಿದ ಮರದ ವ್ಯಾಪಾರಿ ನಾರ್ಮ್ ಬರ್ಲಿ ದುಡ್ಡು ಹಾಕಿದ. ವ್ಯಾಂಕೂವರಿನ ಆತನ ಪುಟ್ಟ ಕಂಪನಿಯ ಹೆಸರು ‘ಝೀರೋ ರೆಕಾರ್ಡ್ಸ್’. ಸೊನ್ನೆ! ಸೊನ್ನೆಯಿಂದಲೇ ಆರಂಭ.

ಒಂದು ಹಾಡು, ಒಂದು ಕಾರು

1960ರಲ್ಲಿ ಲಾಸ್ ಏಂಜಲೀಸಿಗೆ ಹೋಗಿ ಧ್ವನಿಮುದ್ರಣ ಮಾಡಿದರು. ಹಾಡಿನ ಹೆಸರು ‘ಐ ಆ್ಯಮ್ ಎ ಹಾಂಕಿ ಟಾಂಕ್ ಗರ್ಲ್’. ಕೈಬಿಟ್ಟುಹೋದ ಗಂಡಸಿಗಾಗಿ ಹೆಂಡದಂಗಡಿಯಲ್ಲಿ ಕೂತು ಅಳುವ ಹೆಣ್ಣೊಬ್ಬಳ ಹಾಡು. ಬರೆದವಳೂ ಇವಳೇ.

ರೆಕಾರ್ಡು ಅಚ್ಚಾಯಿತು. ಮಾರುವವರು ಯಾರು? ದೊಡ್ಡ ಕಂಪನಿ ಬೆನ್ನಿಗಿಲ್ಲ, ಏಜೆಂಟರಿಲ್ಲ. ಗಂಡ ಹೆಂಡತಿ ಸೇರಿ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ ರೇಡಿಯೊ ಕೇಂದ್ರಗಳಿಗೆ ರೆಕಾರ್ಡು ಕಳಿಸಿದರು. ಆಮೇಲೆ ಕಾರು ಹತ್ತಿ ಹೊರಟರು. ದಾರಿಯಲ್ಲಿ ಎಲ್ಲಿ ರೇಡಿಯೊ ಗೋಪುರ ಕಂಡರೂ ನಿಲ್ಲಿಸುವುದು, ಒಳಗೆ ಹೋಗುವುದು, ‘ನನ್ನ ಹಾಡು ಹಾಕಿ’ ಎಂದು ಕೇಳುವುದು. ಮಲಗಿದ್ದು ಕಾರಿನಲ್ಲಿ. ತಿಂದದ್ದು ಬ್ರೆಡ್ಡಿನ ನಡುವೆ ಮಾಂಸದ ತುಂಡಿಟ್ಟುಕೊಂಡು. ಹಾಡು ಏರಿತು. ಅದೇ ವರ್ಷ ಇಡೀ ಅಮೆರಿಕದ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಬಂತು. ಕಾರು ಕೊನೆಗೆ ಹೋಗಿ ನಿಂತದ್ದು ಟೆನೆಸ್ಸಿಯ ನ್ಯಾಶ್‌ವಿಲ್ ನಗರದಲ್ಲಿ, ‘ಗ್ರ್ಯಾಂಡ್ ಓಲ್ ಆಪ್ರಿ’ಯ ಎದುರು. ಆ ವರ್ಷವೇ ಅದರ ವೇದಿಕೆ ಹತ್ತಿದಳು. 1962ರಲ್ಲಿ ಅಲ್ಲಿಯ ಕಾಯಂ ಸದಸ್ಯೆಯಾದಳು.

ಇಲ್ಲಿಗೆ ಬೇರೆ ಪತ್ರಿಕೆಗಳು ಕತೆ ಮುಗಿಸಿ ‘ಪ್ರತಿಭೆಗೆ ಬಡತನ ಅಡ್ಡಿಯಲ್ಲ’ ಎಂದು ನೀತಿ ಬರೆದುಬಿಡುತ್ತವೆ. ಆ ನೀತಿ ಹೇಳಲು ನಾನು ಕಾಗದ ಶಾಯಿ ಖರ್ಚು ಮಾಡುತ್ತಿಲ್ಲ. ನನ್ನ ವಿಷಯ ಇಲ್ಲಿಂದ ಶುರು.

‘ಆಪ್ರಿ’ ಅಂದರೆ ಏನು?

‘ಆಪ್ರಿ’ ಎಂಬ ಮಾತನ್ನು ನಿಘಂಟಿನಲ್ಲಿ ಹುಡುಕು. ಅದು ‘ಆಪೆರಾ’. ಗುಡ್ಡದ ಜನರ ಬಾಯಲ್ಲಿ ಹಾಗೆ ಆದದ್ದು. 1925ರಲ್ಲಿ ನ್ಯಾಶ್‌ವಿಲ್‌ನ ವಿಮಾ ಕಂಪನಿಯೊಂದರ ರೇಡಿಯೊದಲ್ಲಿ ಹಳ್ಳಿಗರ ಹಾಡು, ಪಿಟೀಲಿನ ಕಾರ್ಯಕ್ರಮ ಶುರುವಾಯಿತು. ಅದಕ್ಕಿಂತ ಮೊದಲು ಅದೇ ಕೇಂದ್ರದಲ್ಲಿ ದೊಡ್ಡವರ ಶಾಸ್ತ್ರೀಯ ಸಂಗೀತ, ‘ಗ್ರ್ಯಾಂಡ್ ಆಪೆರಾ’ ಬರುತ್ತಿತ್ತು. 1927ರಲ್ಲಿ ನಿರೂಪಕ ಜಾರ್ಜ್ ಹೇ ತಮಾಷೆ ಮಾಡಿದ: ಇಷ್ಟು ಹೊತ್ತು ಅವರ ಗ್ರ್ಯಾಂಡ್ ಆಪೆರಾ ಕೇಳಿದಿರಿ, ಈಗ ನಮ್ಮ ‘ಗ್ರ್ಯಾಂಡ್ ಓಲ್ ಆಪ್ರಿ’ ಕೇಳಿ ಎಂದ. ಹೆಸರು ಅಂಟಿಕೊಂಡಿತು. ತಪ್ಪು ಉಚ್ಚಾರವೇ ಹೆಸರಾಯಿತು. ನೂರು ವರ್ಷವಾದರೂ ಅದನ್ನು ಯಾರೂ ತಿದ್ದಲಿಲ್ಲ!

ನಗರದ ದೊಡ್ಡ ಮನುಷ್ಯರು ಸುಮ್ಮನಿದ್ದರೆ? ಇಲ್ಲ. ನ್ಯಾಶ್‌ವಿಲ್ ತನ್ನನ್ನು ‘ದಕ್ಷಿಣದ ಅಥೆನ್ಸ್’ ಎಂದು ಕರೆದುಕೊಳ್ಳುತ್ತಿದ್ದ ಊರು. ವಿದ್ಯಾಲಯಗಳ ಊರು. ಗ್ರೀಸಿನ ಪಾರ್ಥೆನಾನ್ ದೇವಾಲಯದ ಪಡಿಯಚ್ಚನ್ನೇ ಕಟ್ಟಿಸಿಕೊಂಡ ಊರು. ಅಂಥಲ್ಲಿ ಈ ಪಿಟೀಲು, ಈ ಬ್ಯಾಂಜೊ, ಈ ಮೂಗಿನ ದನಿ! ಮಾನ ಹೋಯಿತು ಎಂದು ಅವರಿಗೆ ಸಂಕಟ. 1943ರಲ್ಲಿ ಟೆನೆಸ್ಸಿಯ ಗವರ್ನರ್ ಪ್ರೆಂಟಿಸ್ ಕೂಪರ್ ಆಪ್ರಿಯ ಸಮಾರಂಭಕ್ಕೆ ಬರಲೊಲ್ಲೆ ಎಂದ. ಈ ಹಾಡುಗಾರರಿಂದ ರಾಜ್ಯದ ಹೆಸರು ಕೆಡುತ್ತಿದೆ ಎಂಬುದು ಆತನ ದೂರು.

ಈ ಜನರಿಗೆ ಅವರಿಟ್ಟ ಹೆಸರು ‘ಹಿಲ್‌ಬಿಲ್ಲಿ’. ಅಂದರೆ ಗುಡ್ಡದ ಗಮಾರ. ರೆಕಾರ್ಡು ಕಂಪನಿಗಳು ಅವರ ಸಂಗೀತಕ್ಕೂ ಅದೇ ಹೆಸರಿಟ್ಟು ಮಾರಿದವು. ದುಡ್ಡು ಗಮಾರರ ಹಾಡಿನಿಂದ, ನಗು ಗಮಾರರ ಮೇಲೆ! ನಿನಗೆ ಇದು ಎಲ್ಲೋ ಕಂಡಂತೆ ಅನ್ನಿಸುತ್ತಿದೆಯಾ? ತಾಳು, ಅಲ್ಲಿಗೂ ಬರುತ್ತೇನೆ.

ಆಕೆಯ ಪ್ರಾಸ, ಆಕೆಯ ಬಾಯಲ್ಲೇ

ಲೊರೆಟ್ಟಾ ನ್ಯಾಶ್‌ವಿಲ್‌ಗೆ ಬಂದ ಕಾಲಕ್ಕೆ ಅಲ್ಲಿಯ ಸಂಗೀತ ಪಾಲಿಶ್ ಆಗುತ್ತಿತ್ತು. ಪಟ್ಟಣದವರ ಕಿವಿಗೆ ಹಿತವಾಗಲೆಂದು ಪಿಟೀಲಿನ ಹಳ್ಳಿ ಗತ್ತು ತೆಗೆದು ವಯಲಿನ್‌ಗಳ ಮೇಳ ಸೇರಿಸುತ್ತಿದ್ದರು, ಹಿಂದೆ ನಯವಾದ ಕೋರಸ್ ಇಡುತ್ತಿದ್ದರು. ಈಕೆಯ ರೆಕಾರ್ಡುಗಳನ್ನು ಮಾಡಿದ ಓವನ್ ಬ್ರಾಡ್ಲಿ ಆ ಪಾಲಿಶ್ ಕೆಲಸದ ದೊಡ್ಡ ಮೇಸ್ತ್ರಿ. ಅಂಥವನ ಕೈಯಲ್ಲೂ ಈಕೆಯ ನಾಲಿಗೆ ಕೊಳ್ಳದ ನಾಲಿಗೆಯಾಗಿಯೇ ಉಳಿಯಿತು.

1970ರಲ್ಲಿ ‘ಕೋಲ್ ಮೈನರ್ಸ್ ಡಾಟರ್’ ಬಂತು. ಗಣಿ ಕೂಲಿಯ ಮಗಳು. ತನ್ನದೇ ಬಾಲ್ಯದ ಹಾಡು. ಉದ್ದವಾಯಿತೆಂದು ಬ್ರಾಡ್ಲಿ ಕೆಲವು ಚರಣ ಕತ್ತರಿಸಿದ. ಆದರೆ ಉಳಿದ ಚರಣಗಳನ್ನು ಕಿವಿಗೊಟ್ಟು ಕೇಳು. ವ್ಯಾಕರಣ ‘ಬಾರ್ನ್’ ಎಂದು ಹೇಳಿದರೆ ಆಕೆ ‘ಬಾರ್ನ್ಡ್’ ಎನ್ನುತ್ತಾಳೆ. ಊರಿನ ಹೆಸರು ‘ಹಾಲರ್’ ಎಂದಾದರೆ ಮಾತ್ರ ‘ಡಾಲರ್’ ಜೊತೆ ಪ್ರಾಸ. ಕಷ್ಟ ಎಂಬರ್ಥದ ‘ಹಾರ್ಡ್’ಗೆ ದಣಿದೆ ಎಂಬರ್ಥದ ‘ಟಯರ್ಡ್’ ಪ್ರಾಸವಾಗಿ ಬರುತ್ತದೆ. ಹೇಗೆ ಕೂಡುತ್ತದೆ? ಇಂಗ್ಲಿಷ್ ಮೇಷ್ಟರು ಓದಿದರೆ ಕೂಡುವುದಿಲ್ಲ. ಆಕೆ ‘ಟಾರ್ಡ್’ ಎನ್ನುತ್ತಾಳೆ, ಕೂಡುತ್ತದೆ! ತಿದ್ದಿದರೆ ಪ್ರಾಸ ಸತ್ತಿತು. ಪ್ರಾಸ ಸತ್ತರೆ ಹಾಡು ಸತ್ತಿತು. ಆ ಹಾಡನ್ನು ಆ ಊರ ಬಾಯಿಯೇ ಕಟ್ಟಿದ್ದು.

ಆ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1972ರಲ್ಲಿ ಕಂಟ್ರಿ ಸಂಗೀತ ಸಂಘದ ವರ್ಷದ ಕಲಾವಿದೆ ಪ್ರಶಸ್ತಿ. ಅದನ್ನು ಪಡೆದ ಮೊದಲ ಹೆಂಗಸು ಈಕೆ. ಹಾಡಿನ ಹೆಸರೇ 1976ರಲ್ಲಿ ಆತ್ಮಕತೆಯ ಹೆಸರಾಯಿತು, 1980ರಲ್ಲಿ ಸಿನಿಮಾದ ಹೆಸರಾಯಿತು. ನಟಿ ಸಿಸ್ಸಿ ಸ್ಪೇಸೆಕ್ ಈಕೆಯ ಜೊತೆಗಿದ್ದು ಈಕೆಯ ಮಾತಿನ ಧಾಟಿ ಕಲಿತು, ಹಾಡುಗಳನ್ನು ತಾನೇ ಹಾಡಿ, ಆ ಪಾತ್ರಕ್ಕೆ ಆಸ್ಕರ್ ಗೆದ್ದಳು. ನೋಡು ವಿಚಿತ್ರ! ಯಾವ ಮಾತು ಕೇಳಿ ಪಟ್ಟಣ ನಕ್ಕಿತ್ತೋ ಅದನ್ನೇ ಪಟ್ಟಣ ಮನೆಪಾಠಕ್ಕೆ ಕೂತು ಕಲಿಯಬೇಕಾಯಿತು. 2013ರಲ್ಲಿ ಅಧ್ಯಕ್ಷ ಒಬಾಮ ಈಕೆಯ ಕೊರಳಿಗೆ ದೇಶದ ಅತಿ ದೊಡ್ಡ ನಾಗರಿಕ ಪದಕ ಹಾಕಿದ. 2022ರ ಅಕ್ಟೋಬರ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಕೊನೆವರೆಗೂ ಅದೇ ಮಾತು.

ಮಾತು ತನ್ನದಾದ್ದರಿಂದಲೇ ಆಕೆಗೆ ಧೈರ್ಯವೂ ಇತ್ತು. ಕುಡಿದು ಬಂದು ಮೈಮೇಲೆ ಬೀಳುವ ಗಂಡನನ್ನು ಹಾಡಿನಲ್ಲೇ ಹೊಸಿಲಾಚೆ ನಿಲ್ಲಿಸಿದಳು. 1967ರಲ್ಲಿ ಆಕೆಗೆ ಮೊದಲ ಸ್ಥಾನ ತಂದದ್ದು ಅದೇ ಹಾಡು. 1975ರಲ್ಲಿ ಬಸಿರು ತಡೆಯುವ ಮಾತ್ರೆಯ ಬಗ್ಗೆ ಹಾಡಿದಳು. ಹಲವು ರೇಡಿಯೊ ಕೇಂದ್ರಗಳು ಹಾಕುವುದಿಲ್ಲ ಎಂದವು. ಹೆಂಗಸರು ಕೊಂಡು ಕೇಳಿದರು. ಅಡಿಗೆಮನೆಯ ಮಾತಿನಲ್ಲಿ ಸುಳ್ಳು ಹೇಳುವುದು ಕಷ್ಟ ತಂಗೀ. ಕಲಿತ ಮಾತಿನಲ್ಲಿ ಎಷ್ಟು ಬೇಕಾದರೂ ಹೇಳಬಹುದು.

ಇನ್ನೊಂದು ಮಾತು. ನೀನು ತಲೆಬಾಗುವ ಆ ಇಂಗ್ಲಿಷ್ ಇದೆಯಲ್ಲ, ಅದು ಒಂದಲ್ಲ. ಅದರೊಳಗೂ ಕೊಳ್ಳ ಇದೆ, ಗುಡ್ಡ ಇದೆ. 2000ದ ನಂತರ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ನಮ್ಮ ಹುಡುಗರ ನಾಲಿಗೆ ಉಜ್ಜಿ ಉಜ್ಜಿ ಊರಿನ ವಾಸನೆ ತೆಗೆಯುವ ತರಬೇತಿ ನಡೆಯಿತು. ಅಪ್ಪಟ ಅಮೆರಿಕದವಳಾದ ಲೊರೆಟ್ಟಾ ಲಿನ್ ಅಲ್ಲಿಗೆ ಸಂದರ್ಶನಕ್ಕೆ ಬಂದಿದ್ದರೆ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದರು. ನಗಬೇಡ. ಯೋಚನೆ ಮಾಡು.

ಪ್ರೂಫ್ ತಿದ್ದಿದ ಪಾಪ ನನ್ನದು

ಇಷ್ಟೆಲ್ಲ ಬುದ್ಧಿ ಹೇಳುವ ನೀನು ಯಾರಯ್ಯ ಎಂದು ಕೇಳು. ಕೇಳಲೇಬೇಕು. ನಾನು ಪ್ರೆಸ್ಸಿನವನು. ಓದಿದ್ದು ಪಿಯುಸಿ. ಊರು ಮಂಡ್ಯ ಕಡೆ. ನಮ್ಮ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ‘ಆಲು’, ಹಾಸನ ‘ಆಸ್ನ’. ಕಾಲೇಜಿನಲ್ಲಿ ಅಧ್ಯಾಪಕರೊಬ್ಬರು ನನ್ನನ್ನು ಎಬ್ಬಿಸಿ ಪಾಠ ಓದಿಸಿದರು. ಒಂದು ‘ಹ’ ಬಿಟ್ಟೆ, ತರಗತಿ ನಕ್ಕಿತು. ಹೆದರಿಕೊಂಡು ಮುಂದೆ ಸಿಕ್ಕಸಿಕ್ಕಲ್ಲಿ ‘ಹ’ ಹಚ್ಚಿದೆ. ಅಕ್ಕಿ ‘ಹಕ್ಕಿ’ ಆಗಿ ಹಾರಿಹೋಯಿತು. ಅವತ್ತಿನ ನಗು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಹಟ ಹಿಡಿದು ನಾಲಿಗೆ ತಿದ್ದಿಕೊಂಡೆ. ಪ್ರೆಸ್ಸು ಹಾಕಿದ ಮೇಲೆ ಊರವರೆಲ್ಲರ ಕಾಗುಣಿತ ತಿದ್ದುವ ದೊಡ್ಡ ಮನುಷ್ಯನಾದೆ.

2007ರ ಸುಮಾರಿಗೆ ಸಿಂದಗಿ ಕಡೆಯ ಹಿರಿಯರೊಬ್ಬರು ಪ್ರೆಸ್ಸಿಗೆ ಬಂದರು. ಮಗ ಪೀಣ್ಯದಲ್ಲಿ ಕೆಲಸಕ್ಕಿದ್ದ. ಕೈಯಲ್ಲಿ ಒಂದು ಉದ್ದ ನೋಟ್‌ಬುಕ್ಕು, ಅದರ ತುಂಬ ಅವರು ಕಟ್ಟಿದ ಹಾಡು. ಮಗ ದುಡ್ಡು ಕೊಡುತ್ತೇನೆಂದು ಒಪ್ಪಿದ್ದ. ಐನೂರು ಪ್ರತಿ, ನಲವತ್ತೆಂಟು ಪುಟ. ಡಿಟಿಪಿಗೆ ಕೂತ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿದಳು. ಪ್ರೂಫ್ ನೋಡಿದವನು ನಾನು. ಅವರು ‘ಮ್ಯಾಲ’ ಎಂದು ಬರೆದಲ್ಲಿ ‘ಮೇಲೆ’ ಮಾಡಿದೆ. ‘ಬ್ಯಾಸಗಿ’ಯನ್ನು ‘ಬೇಸಿಗೆ’ ಮಾಡಿದೆ. ‘ಹ್ವಾದ’ ಅಂದರೆ ‘ಹೋದನು’. ಕೆಂಪು ಪೆನ್ನು ಓಡಿದ್ದೇ ಓಡಿದ್ದು. ಪುಸ್ತಕಕ್ಕೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ನಾನು ತಿಳಿದಿದ್ದೆ.

ತಿದ್ದಿದ ಪುಟಗಳನ್ನು ಹಿರಿಯರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ತುಟಿ ಅಲ್ಲಾಡಿಸುತ್ತ ಹಾಡಿ ನೋಡಿದರು. ಎಡವಿದರು. ಮತ್ತೆ ಮೊದಲಿಂದ ಹಾಡಿದರು. ಮತ್ತೆ ಎಡವಿದರು. ಅವರ ಹಾಡಿನಲ್ಲಿ ‘ಸಾಲ’ಕ್ಕೆ ‘ಮ್ಯಾಲ’ ಪ್ರಾಸ. ತಲೆಯ ಮೇಲಿನ ಸಾಲದ ಹಾಡು ಅದು. ನನ್ನ ‘ಮೇಲೆ’ ಆ ಪ್ರಾಸದ ಕಾಲು ಮುರಿದಿತ್ತು. ಅವರು ಸಿಟ್ಟಾಗಲಿಲ್ಲ. ಹಾಳೆ ಮಡಿಸಿ ಮೇಜಿನ ಮೇಲಿಟ್ಟು, ‘ಮಾಲಕ್ರ, ಛಲೋ ಮಾಡೀರಿ. ಖರೆ ಇವು ನನ್ನ ಹಾಡಲ್ರಿ. ಇವನ್ನ ಹಾಡಾಕ ಬರಂಗಿಲ್ರಿ’ ಎಂದರು.

ಮತ್ತೆ ಮೊದಲಿನಂತೆ ಮಾಡಿಕೊಡುತ್ತೇನೆ ಎಂದೆ. ಬ್ಯಾಡ ಬಿಡ್ರಿ ಎಂದು ನೋಟ್‌ಬುಕ್ಕು ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಮಗನ ಮೊಬೈಲು ನಂಬರೂ ಬದಲಾಯಿತು. ಆ ಪುಸ್ತಕ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗಲಿಲ್ಲ.

ನನ್ನ ‘ಹ’ ನೋಡಿ ನಕ್ಕವರ ಮೇಲೆ ನನಗೆ ಇಷ್ಟು ವರ್ಷ ಸಿಟ್ಟಿತ್ತು. ಅದನ್ನೇ ನಾನು ಇನ್ನೊಬ್ಬ ಕನ್ನಡಿಗನಿಗೆ ಮಾಡಿದೆ. ನಗಲಿಲ್ಲ, ಅಷ್ಟೇ ವ್ಯತ್ಯಾಸ. ಕೆಂಪು ಪೆನ್ನಿನಲ್ಲಿ ಮಾಡಿದೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನೆಲ ಒಂದಾಯಿತು, ಕಿವಿ ಒಂದಾಗಲಿಲ್ಲ

1956ರಲ್ಲಿ ಕನ್ನಡದ ನೆಲ ಒಂದಾಯಿತು. ಮುಂಬಯಿ ಪ್ರಾಂತ್ಯದಿಂದ, ಹೈದರಾಬಾದಿನಿಂದ, ಮದರಾಸಿನಿಂದ, ಕೊಡಗಿನಿಂದ ಜನ ಬಂದು ಮೈಸೂರಿನೊಂದಿಗೆ ಸೇರಿದರು. 1973ರಲ್ಲಿ ಕರ್ನಾಟಕ ಎಂದು ಹೆಸರೂ ಆಯಿತು. ಆದರೆ ನಮ್ಮ ಕಿವಿ ಒಂದಾಯಿತೇ? ಎದೆ ಮುಟ್ಟಿಕೊಂಡು ಹೇಳು.

ನಮ್ಮ ಸಿನಿಮಾ ನೋಡು. ನಾಯಕನಿಗೆ ಬೆಂಗಳೂರಿನ ಮಾತು. ಕಲಬುರಗಿ, ಬೆಳಗಾವಿಯ ಮಾತು ಬಂದರೆ ಅದು ನಗಿಸುವವನ ಪಾಲು. ಮಂಗಳೂರಿನ ಕನ್ನಡವಾದರೆ ಅಡಿಗೆ ಭಟ್ಟರು. ಮಂಡ್ಯದ ಮಾತಾದರೆ ಮಚ್ಚು ಹಿಡಿದವನು. ಬಹಳ ವರ್ಷ ಹೀಗೇ ನಡೆಯಿತು. ಈಗ ರೀಲ್ಸ್ ಬಂದಿವೆ. ಅಲ್ಲಿ ಊರ ಮಾತಿಗೆ ಲಕ್ಷಗಟ್ಟಲೆ ಲೈಕು. ಆದರೆ ಯಾವುದಕ್ಕೆ? ಅಲ್ಲೂ ಹೆಚ್ಚಿನ ಪಾಲು ನಗಿಸುವುದಕ್ಕೇ. ಆ ಮಾತಿನಲ್ಲಿ ಪ್ರೀತಿಯ ಮಾತಾಡು, ಷೇರು ಪೇಟೆಯ ಲೆಕ್ಕ ಹೇಳು, ಕಂಪ್ಯೂಟರ್ ಪಾಠ ಮಾಡು, ಆಗ ನೋಡೋಣ ಎಷ್ಟು ಲೈಕು ಬರುತ್ತವೆ ಎಂದು. ನಗಿಸಲು ಮಾತ್ರ ಬಳಸುವ ಮಾತಿಗೆ ಗೌರವ ಸಿಕ್ಕಿತು ಅಂದುಕೊಳ್ಳಬೇಡ. ಅದು ನಮ್ಮ ‘ಹಿಲ್‌ಬಿಲ್ಲಿ’. ದುಡ್ಡು ಗಮಾರರಿಂದ, ನಗು ಗಮಾರರ ಮೇಲೆ!

ನಮ್ಮಲ್ಲೂ ದಾರಿ ತೋರಿಸಿದವರು ಕಡಿಮೆಯಿಲ್ಲ. ಬೇಂದ್ರೆ ಧಾರವಾಡದ ಓಣಿಯ ಮಾತಿನಲ್ಲಿ ಕಾವ್ಯ ಕಟ್ಟಿ ಜ್ಞಾನಪೀಠಕ್ಕೇರಿದರು. ರಾಜರತ್ನಂ ತಮ್ಮ ಕುಡುಕ ರತ್ನನ ಬಾಯಿಗೆ ‘ಹ’ ಇಲ್ಲದ ಮಾತು ಕೊಟ್ಟರು. ಅದು ನನ್ನೂರಿನ ಮಾತು. ರಾಜ್ಯೋತ್ಸವದ ವೇದಿಕೆಯಲ್ಲಿ ‘ರತ್ನನ ಪದಗಳು’ ಕೇಳಿ ಚಪ್ಪಾಳೆ ತಟ್ಟುವವರೇ ಕ್ಯಾಂಟೀನಿನಲ್ಲಿ ಆ ಮಾತಾಡುವ ಹುಡುಗನನ್ನು ಆಡಿಕೊಳ್ಳುತ್ತಾರೆ. ದೇವನೂರ ಮಹಾದೇವ 1984ರಲ್ಲಿ ನಂಜನಗೂಡು ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದರು. ಆಗ ಕೆಲವು ಪಂಡಿತರು ಮಾಡಿದ ತಮಾಷೆ ಏನು ಗೊತ್ತೇ? ಇದನ್ನು ಕನ್ನಡಕ್ಕೆ ಅನುವಾದಿಸಬೇಕು ಎಂದು! ಕನ್ನಡದ ಪುಸ್ತಕವನ್ನು ಕನ್ನಡಕ್ಕೆ! 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ‘ತಿಥಿ’ ಸಿನಿಮಾದಲ್ಲಿ ಮಂಡ್ಯದ ಹಳ್ಳಿಗರೇ ನಟಿಸಿದರು, ಅವರದೇ ಮಾತು. ಲೊಕಾರ್ನೋದಲ್ಲಿ ಪ್ರಶಸ್ತಿ ಬಂದ ಮೇಲೆ ಬೆಂಗಳೂರು ಎದ್ದು ನಿಂತು ನೋಡಿತು. ಯಾವಾಗಲೂ ಹೀಗೇ. ಹೊರಗಿನವನು ಹೌದೌದು ಅನ್ನುವವರೆಗೆ ನಮಗೆ ನಮ್ಮ ಮನೆಯ ದೀಪ ಕಾಣುವುದಿಲ್ಲ.

ಕನ್ನಡ ಹೋರಾಟಗಾರರಾದ ನಾವೂ ಇದರಲ್ಲಿ ಪಾಲುದಾರರು. ನಮ್ಮ ಸಭೆಗಳಲ್ಲಿ ರಾಯಚೂರಿನ ಹುಡುಗ ಮೈಕ್ ಹಿಡಿದರೆ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗುವವರು ಯಾರು? ಹೊರರಾಜ್ಯದಿಂದ ಬಂದವರಲ್ಲ. ಕೊರಳಿಗೆ ಹಳದಿ ಕೆಂಪು ಶ್ಯಾಲು ಹಾಕಿಕೊಂಡ ನಾವೇ! ಕನ್ನಡ ಬರದವನಿಗೆ ಕನ್ನಡ ಕಲಿ ಎನ್ನುತ್ತೇವೆ. ಕನ್ನಡ ಬಂದವನಿಗೆ ಬಾಯಿ ಮುಚ್ಚು ಎನ್ನುತ್ತೇವೆ. ಹೀಗೆ ಮಾಡಿದರೆ ಆ ಹುಡುಗ ಏನು ಮಾಡುತ್ತಾನೆ? ನಿಮ್ಮ ಬೆಂಗಳೂರಿನ ಕನ್ನಡ ಕಲಿಯುತ್ತಾನೆ ಅಂದುಕೊಂಡಿದ್ದೀರಾ? ಇಲ್ಲ. ಸೀದಾ ಇಂಗ್ಲಿಷಿಗೆ ಹಾರುತ್ತಾನೆ. ಅಲ್ಲಿ ತಪ್ಪು ಮಾಡಿದರೆ ಕಲಿಯುತ್ತಿದ್ದಾನೆ ಎನ್ನುತ್ತಾರೆ, ಇಲ್ಲಿ ಸರಿಯಾಗಿ ಆಡಿದರೂ ಗಮಾರ ಎನ್ನುತ್ತಾರೆ. ಈ ನಗರದಲ್ಲಿ ಕನ್ನಡಿಗನನ್ನು ಕನ್ನಡದಿಂದ ಓಡಿಸುವುದರಲ್ಲಿ ಕನ್ನಡಿಗನ ನಗುವಿನ ಪಾಲೆಷ್ಟು ಎಂದು ಎಂದಾದರೂ ಲೆಕ್ಕ ಹಾಕಿದ್ದೇವೆಯೇ?

ನಿನ್ನ ವಾದ, ನನ್ನ ಜವಾಬು

‘ಎಲ್ಲರೂ ಅವರವರ ಊರ ಮಾತು ಆಡಿದರೆ ಕನ್ನಡ ಚೂರುಚೂರಾಗುವುದಿಲ್ಲವೇ?’ ಎನ್ನುತ್ತೀಯ. ಆಗುವುದಿಲ್ಲ. ಪಠ್ಯಪುಸ್ತಕಕ್ಕೆ, ಕೋರ್ಟಿನ ತೀರ್ಪಿಗೆ, ಸರ್ಕಾರಿ ಆದೇಶಕ್ಕೆ ಎಲ್ಲರಿಗೂ ಒಂದೇ ಆಗಿ ತಿಳಿಯುವ ಬರಹದ ಕನ್ನಡ ಬೇಕು. ನಾನೂ ಇದನ್ನು ಆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದು ಕಚೇರಿಗೆ ಹಾಕಿಕೊಂಡು ಹೋಗುವ ಇಸ್ತ್ರಿ ಅಂಗಿ. ಇಸ್ತ್ರಿ ಅಂಗಿ ಇದೆಯೆಂದು ಯಾರೂ ಮೈಯ ಚರ್ಮ ಸುಲಿದುಕೊಳ್ಳುವುದಿಲ್ಲ.

‘ಲೊರೆಟ್ಟಾಗೆ ಅದೃಷ್ಟವಿತ್ತು. ಆಕೆಯ ಸ್ವಂತ ತಂಗಿಯೇ ಆ ಉಚ್ಚಾರ ಬಿಟ್ಟು ಗೆದ್ದಳಲ್ಲ?’ ಎನ್ನುತ್ತೀಯ. ನಿಜ. ತಂಗಿ ಕ್ರಿಸ್ಟಲ್ ಗೇಲ್ ಬೇರೆ ರಾಜ್ಯದ ಪಟ್ಟಣದಲ್ಲಿ ಬೆಳೆದವಳು. ನಯವಾದ ದನಿ, ನಯವಾದ ಹಾಡು. 1977ರಲ್ಲಿ ಆಕೆಯ ಒಂದು ಹಾಡು ಪಾಪ್ ಪಟ್ಟಿಯಲ್ಲೂ ಎತ್ತರಕ್ಕೇರಿತು. ಅದು ಆಕೆಯ ಬಾಯಿ, ಆಕೆ ಬೆಳೆದ ಊರು, ತಪ್ಪೇನಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು ಬೆಂಗಳೂರಿನ ಕನ್ನಡ ಆಡಲಿ. ಯಾರು ಬೇಡ ಅಂದರು? ಅವರವರ ಮಾತಿನಲ್ಲಿ ಅಕ್ಕನೂ ಗೆದ್ದಳು, ತಂಗಿಯೂ ಗೆದ್ದಳು. ಗೆಲ್ಲಬೇಕಾದರೆ ಅಕ್ಕ ತಂಗಿಯಂತೆ ಹಾಡಲೇಬೇಕು ಎಂದು ಯಾರೂ ಆಕೆಯ ನಾಲಿಗೆ ಕೀಳಲಿಲ್ಲ. ನನ್ನ ತಕರಾರು ಇರುವುದು ಆ ‘ಲೇಬೇಕು’ ಮೇಲೆ.

‘ಆಕೆಗೆ ದುಡ್ಡು ಹಾಕುವ ಮರದ ವ್ಯಾಪಾರಿ ಸಿಕ್ಕ, ಬಾಗಿಲು ತೆರೆಯುವ ರೇಡಿಯೊದವರು ಸಿಕ್ಕರು’ ಎನ್ನುತ್ತೀಯ. ಇದು ಸರಿಯಾದ ಮಾತು! ಇದನ್ನೇ ನಾನೂ ಕೇಳುತ್ತಿದ್ದೇನೆ. ನಮ್ಮ ಮರದ ವ್ಯಾಪಾರಿಗಳು ಎಲ್ಲಿದ್ದಾರೆ? ಕನ್ನಡ ನೆಲದಲ್ಲಿ ಕೋಟಿ ಕಂಡವರು ಒಬ್ಬ ಹಳ್ಳಿ ಹಾಡುಗಾರನ ಒಂದು ಹಾಡಿನ ಖರ್ಚು ಹೊರಲಾರರೇ? 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್.ಎಂ. ಬಂತು. ಆರಂಭದ ವರ್ಷಗಳಲ್ಲಿ ಕನ್ನಡದ ಊರಿನಲ್ಲಿ ಕನ್ನಡ ಹಾಡು ಹಾಕಿ ಎಂದು ನಾವು ಬೀದಿಯಲ್ಲಿ ಕೂಗಬೇಕಾಯಿತು. ಆ ಬಾಗಿಲು ತೆರೆಯಿತು ಅನ್ನೋಣ. ಅದರೊಳಗೆ ಸಿಂದಗಿಯ ಹಿರಿಯರಿಗೆ ಜಾಗ ಇದೆಯೇ? ಅದನ್ನು ಕೇಳುವ ಹೋರಾಟ ಇನ್ನೂ ಬಾಕಿ.

ಇಷ್ಟು ಮಾಡು

ನಿನ್ನಿಂದ ಬಂದ್ ಮಾಡಿಸುವುದಿಲ್ಲ, ಬಸ್ಸಿಗೆ ಕಲ್ಲು ಹೊಡೆಸುವುದಿಲ್ಲ. ನಾಳೆ ಅವ್ವನ ಫೋನು ಬಂದರೆ ಕುರ್ಚಿಯಿಂದ ಏಳಬೇಡ. ಕೂತಲ್ಲೇ ಮಾತಾಡು, ಕೈ ಅಡ್ಡ ಇಡಬೇಡ. ಪಕ್ಕದವನು ನಕ್ಕರೆ ನಗಲಿ. ಲೊರೆಟ್ಟಾ ಲಿನ್‌ಳನ್ನು ನೋಡಿ ಒಂದು ಇಡೀ ನಗರ ನಕ್ಕಿತ್ತು. ಈಗ ಆ ನಗರ ತನ್ನನ್ನು ‘ಸಂಗೀತ ನಗರಿ’ ಎಂದು ಕರೆದುಕೊಳ್ಳುತ್ತದೆ. ಅದೇ ಗಮಾರರ ಹೆಸರಿನಲ್ಲಿ ಅನ್ನ ತಿನ್ನುತ್ತದೆ.

ನಿನ್ನ ಗೆಳೆಯ ಊರ ಮಾತಾಡಿದರೆ ಅಣಕಿಸಬೇಡ. ಅವನ ಹಾಡು, ಅವನ ಕತೆ ಅವನ ಮಾತಿನಲ್ಲೇ ಹೊರಬರಲು ಕೈಜೋಡಿಸು. ನಮ್ಮ ಸಂಘಗಳ ವೇದಿಕೆಯಲ್ಲಿ ಬೀದರಿನವನು ಬೀದರಿನ ಕನ್ನಡದಲ್ಲಿ, ಕುಂದಾಪುರದವಳು ಕುಂದಗನ್ನಡದಲ್ಲಿ ಭಾಷಣ ಮಾಡಲಿ. ಮಂಡ್ಯದವನು ‘ಹ’ ಇಲ್ಲದೆ ಕರ್ನಾಟಕಕ್ಕೆ ಜೈ ಅನ್ನಲಿ. ಜೈಕಾರಕ್ಕೇನು ಕಡಿಮೆಯಾಗುವುದಿಲ್ಲ.

ಇನ್ನು ನನ್ನ ಪಾಲಿನ ಪ್ರಾಯಶ್ಚಿತ್ತ. ಯಾರದೇ ಊರಿನ ಹಾಡಿನ ಪುಸ್ತಕ ನನ್ನ ಪ್ರೆಸ್ಸಿಗೆ ಬಂದರೂ ಹಾಡಿದವರ ಬಾಯಲ್ಲಿ ಇದ್ದ ಹಾಗೇ ಅಚ್ಚು ಮಾಡುತ್ತೇನೆ. ಕೆಂಪು ಪೆನ್ನು ಮುಟ್ಟುವುದಿಲ್ಲ. ಸಿಂದಗಿಯ ಆ ಹಿರಿಯರು ಈಗ ಇದ್ದಾರೋ ಇಲ್ಲವೋ. ಅವರ ಮಗ ಪೀಣ್ಯದಲ್ಲೋ ಇನ್ನೆಲ್ಲೋ ಕೂತು ಈ ಪತ್ರಿಕೆ ಓದುತ್ತಿದ್ದರೆ ಒಂದು ಮಾತು: ಆ ನೋಟ್‌ಬುಕ್ಕು ತಗೊಂಡು ಬಾರಪ್ಪ. ಐನೂರು ಪ್ರತಿ, ನಲವತ್ತೆಂಟು ಪುಟ. ಖರ್ಚು ನನ್ನದು. ‘ಮ್ಯಾಲ’ ಎಂದಿದ್ದರೆ ‘ಮ್ಯಾಲ’ ಎಂದೇ ಹಾಕುತ್ತೇನೆ.

ಸಿರಿಗನ್ನಡಂ ಗೆಲ್ಗೆ! ಎಲ್ಲ ಊರಿನ ಕನ್ನಡವೂ ಗೆಲ್ಲಲಿ!